ನಲವತ್ತು ಹುಣಸೆಬೀಜ

ನಮ್ಮೂರಿನಲ್ಲಿ ಕೆಳಗಿಳಿಯಲು ಜೊತೆಯೊಬ್ಬರಿದ್ದರೆ ಖರ್ಚೇನೂ ಇಲ್ಲ. ಜೊತೆಯಿಲ್ಲದವರು ಮರಳಿನ ಮೇಲೆ ಇಳಿಯಬೇಕು. ಅಂದಿನ ತೂಕ ನೋಡಿಕೊಂಡು ಆರರಿಂದ ಹದಿನಾಲ್ಕು ಚೀಲ ಮರಳು, ಚೀಲಕ್ಕೆ ನಾಲ್ಕಾಣೆ, ತುಂಬುವವರಿಗೆ ಮೇಲೊಂದು ರೂಪಾಯಿ. ಸುಣ್ಣದ ಗೂಡಿನಲ್ಲಿ ದಿನಗೂಲಿಯೇ ಎರಡು ರೂಪಾಯಿ. ಜೊತೆ ಹುಡುಕಿಸಿಕೊಳ್ಳಬೇಕಾದರೆ ಇಬ್ಬರೂ ನಲವತ್ತು ದಿನ ಮೇಲೆಯೇ ಕೂರಬೇಕು, ಅಂದರೆ ತಲೆಗೆ ಎಂಬತ್ತು ರೂಪಾಯಿ ಹೋಯಿತು. ತೂಗುವವಳಿಗೆ ಒಂದು ಸೇರು ಬೆಲ್ಲ. ಆ ಬೆಲ್ಲ ನನ್ನ ಮನೆಗೆ ಬರುತ್ತಿತ್ತು. ಮೂವತ್ನಾಲ್ಕು ವರ್ಷ ತಿಂದಿದ್ದೇನೆ.

ಊರು ಕಡಿದಾದ ಬಂಡೆಯ ನೆತ್ತಿಯ ಮೇಲಿದೆ, ಅನ್ನ ಅದರ ಬುಡದಲ್ಲಿದೆ. ಬುಡದಲ್ಲಿ ಸುಣ್ಣದ ಗೂಡುಗಳು ಹಗಲೂ ರಾತ್ರಿ ಉರಿಯುತ್ತವೆ. ನಡುವೆ ಬೇರೆ ದಾರಿ ಇಲ್ಲ. ಹುಡುಕಲು ಹೋದವರಿದ್ದಾರೆ, ಸಿಕ್ಕಿತು ಎಂದು ಬಂದು ಹೇಳಿದವರಿಲ್ಲ. ಇರುವುದು ಒಂದು ದೊಡ್ಡ ರಾಟೆ, ಒಂದು ಹಗ್ಗ, ಹಗ್ಗದ ಎರಡು ತುದಿಗೆ ಎರಡು ಬುಟ್ಟಿ. ಒಂದು ಇಳಿದರೆ ಇನ್ನೊಂದು ಏರುತ್ತದೆ. ಬೆಳಿಗ್ಗೆ ಹಗಲಿನವರು ಇಳಿಯುವಾಗ ರಾತ್ರಿಯವರು ಮೇಲೆ ಬರುತ್ತಾರೆ, ಸಂಜೆ ರಾತ್ರಿಯವರು ಇಳಿಯುವಾಗ ಹಗಲಿನವರು ಮೇಲೆ ಬರುತ್ತಾರೆ. ಒಬ್ಬರ ಭಾರವೇ ಇನ್ನೊಬ್ಬರಿಗೆ ಏಣಿ.

ಎಲ್ಲ ಊರಿನ ಜನರಂತೆ ನಮ್ಮ ತೂಕವೂ ಒಂದೇ ಕಡೆ ನಿಂತಿದ್ದರೆ ನನ್ನಂಥವಳ ಕೆಲಸವೇ ಇರುತ್ತಿರಲಿಲ್ಲ. ನಡುಮಧ್ಯಾಹ್ನ ಗಂಟೆ ಹೊಡೆದಾಗ ಎಲ್ಲರ ತೂಕವೂ ಬದಲಾಗುತ್ತದೆ, ಮರುದಿನ ಗಂಟೆ ಹೊಡೆಯುವವರೆಗೆ ಹಾಗೇ ಇರುತ್ತದೆ. ಮೈ ಇದ್ದಷ್ಟೇ ಇರುತ್ತದೆ, ತೂಕ ಮಾತ್ರ ಆರು ಕಲ್ಲಿನಿಂದ ಹದಿನಾಲ್ಕು ಕಲ್ಲಿನವರೆಗೆ ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಒಂದು ಕಲ್ಲೆಂದರೆ ಒಂದು ಚೀಲ ಮರಳಿನ ತೂಕ. ಆರಕ್ಕೆ ಇಳಿದವರು ಗಾಳಿ ಇದ್ದ ದಿನ ಒಳಕಲ್ಲಿನ ಗುಂಡು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ಹದಿನಾಲ್ಕಕ್ಕೆ ಏರಿದವರು ಮಂಚ ಬಿಟ್ಟು ನೆಲಕ್ಕೆ ಮಲಗುತ್ತಾರೆ. ಅಳಿಯ ಬಂದರೆ ಮೊದಲು "ಎಷ್ಟು ಕಲ್ಲು?" ಎಂದು ಕೇಳಿ ಆಮೇಲೆ ಯಾವ ಮಣೆ ಹಾಕುವುದೆಂದು ನೋಡುತ್ತಾರೆ. ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ.

ಹೊಂದಿಕೆಯಾಗದ್ದು ರಾಟೆ ಒಂದೇ. ಬುಟ್ಟಿಯನ್ನು ಹಿಡಿದಿಟ್ಟ ಕೊಕ್ಕೆ ಬಿಟ್ಟ ಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಎರಡು ಬುಟ್ಟಿ ಸಮಸಮ ಇದ್ದರೆ ಹೆಣ್ಣುಮಕ್ಕಳು ನೀರು ಸೇದಿದಷ್ಟು ಮೆಲ್ಲಗೆ ಏರಿಳಿಯುತ್ತವೆ, ಇಲ್ಲದಿದ್ದರೆ ಕಾಲು ಮುರಿಯುತ್ತದೆ. ಮರಳು ಹಾಕಿ ಸರಿದೂಗಿಸಬೇಕಾದರೆ ಕೊಕ್ಕೆ ಬಿಡುವ ಮೊದಲೇ ಎರಡೂ ಕಡೆಯ ತೂಕ ಗೊತ್ತಿರಬೇಕು. ಮೇಲಿನವರನ್ನು ನಾನು ತೂಗುತ್ತೇನೆ. ಕೆಳಗಿನವರನ್ನು ತೂಗುವವರಿಲ್ಲ. ಕೆಳಗೂ ಒಂದು ತಕ್ಕಡಿ ಇಡಬಾರದೇ ಎಂದು ಹೊಸ ಸೊಸೆಯರು ಕೇಳುತ್ತಾರೆ. ಇಟ್ಟು ನೋಡಿ ಆಗಿದೆ. ಅಲ್ಲಿಯ ತಕ್ಕಡಿ ಎಲ್ಲರನ್ನೂ ಒಂದೇ ತೂಕ ತೂಗುತ್ತದೆ, ನಾಯಿಯನ್ನೂ.

ಹಾಗಾಗಿ ತಿಳಿಯಬೇಕಾದದ್ದು ಇಷ್ಟೇ. ಹಗಲು ಕೆಳಗಿಳಿದವರ ತೂಕ ಮಧ್ಯಾಹ್ನ ಕೆಳಗೇ ಬದಲಾಗುತ್ತದೆ, ಸಂಜೆ ಅವರು ಎಷ್ಟಿದ್ದಾರೋ ಯಾರಿಗೂ ಗೊತ್ತಿಲ್ಲ. ಮೇಲಿರುವ ರಾತ್ರಿಯವರನ್ನು ತೂಗಿ, ಅದರಿಂದ ಕೆಳಗಿನವರ ತೂಕ ಹೇಳಬೇಕು. ಬೆಳಗಿನ ಹೊತ್ತಿಗೆ ತೊಂದರೆಯಿಲ್ಲ, ರಾತ್ರಿಯಲ್ಲಿ ತೂಕ ಬದಲಾಗುವುದಿಲ್ಲವಲ್ಲ. ಒಬ್ಬರ ತೂಕ ಕಂಡರೆ ಇನ್ನೊಬ್ಬರದು ತಿಳಿಯುವಂಥ ಇಬ್ಬರನ್ನು ಹುಡುಕಿ ಕೊಡುವುದೇ ನನ್ನ ಕೆಲಸ. ಜನ ನನ್ನನ್ನು ತೂಕದ ದ್ಯಾಮವ್ವ ಎನ್ನುತ್ತಾರೆ.

ಕೆಲಸ ಕಲಿಸಿದವಳು ನನ್ನ ಅತ್ತೆ. ಅಕ್ಷರ ಅವಳಿಗೂ ಬರುತ್ತಿರಲಿಲ್ಲ, ನನಗೂ ಬರುವುದಿಲ್ಲ. ತಕ್ಕಡಿಕಟ್ಟೆಯ ನೆಲದ ಮೇಲೆ ಸುಣ್ಣದಿಂದ ಗೆರೆ ಎಳೆದು ಚೌಕಾಬಾರದ ಹಾಗೆ ಮನೆ ಮಾಡಿದ್ದೇವೆ. ಗೋಡೆಯುದ್ದಕ್ಕೆ ರಾತ್ರಿಯವರ ಕಲ್ಲು, ಬಾಗಿಲ ಕಡೆಯಿಂದ ಮೇಲಕ್ಕೆ ಹಗಲಿನವರ ಕಲ್ಲು. ಪ್ರತಿದಿನ ಗಂಟೆಯಾದ ಮೇಲೆ ಇಬ್ಬರನ್ನೂ ತೂಗಿ, ಅವನ ಕಲ್ಲು ಇವಳ ಕಲ್ಲು ಸೇರುವ ಮನೆಯಲ್ಲಿ ಒಂದು ಹುಣಸೆಬೀಜ ಇಡುತ್ತೇನೆ. ನಲವತ್ತು ದಿನಕ್ಕೆ ನಲವತ್ತು ಬೀಜ. ಕೊನೆಯ ದಿನ ಅರಿಶಿನ ಹಚ್ಚಿದ ದಾರವನ್ನು ಬೀಜಗಳ ಮೇಲೆ ಬಿಗಿಯಾಗಿ ಹಿಡಿಯುವುದು. ದಾರಕ್ಕೆ ಆಚೆ ಒಂದು ಮನೆ ಈಚೆ ಒಂದು ಮನೆ, ಅಷ್ಟರೊಳಗೆ ಮೂವತ್ತು ಬೀಜ ಬಂದರೆ ಜೊತೆ ಆಯಿತು. ದಾರ ಏರಿದರೆ ಇಬ್ಬರೂ ಕೂಡಿ ಭಾರವಾಗುತ್ತಾರೆ, ಕೂಡಿ ಹಗುರಾಗುತ್ತಾರೆ. ದಾರ ಇಳಿದರೆ ಒಬ್ಬರು ಭಾರವಾದಾಗ ಇನ್ನೊಬ್ಬರು ಹಗುರ. ಜನ ಏರುದಾರವೇ ಶುಭ ಎನ್ನುತ್ತಾರೆ, ಆದರೆ ರಾಟೆಗೆ ಎರಡೂ ಒಂದೇ. ತಿಳಿದರೆ ಸಾಕು, ಉಳಿದದ್ದನ್ನು ಮರಳು ನೋಡಿಕೊಳ್ಳುತ್ತದೆ. ದಾರ ಹೇಗೆ ತಿರುಗಿಸಿ ಹಿಡಿದರೂ ಬೀಜ ಸೇರದಿದ್ದರೆ, ಆ ಇಬ್ಬರಿಗೆ ಒಬ್ಬರಿಗೊಬ್ಬರು ಏನೂ ಅಲ್ಲ. ಅತ್ತೆ ಹೇಳಿಕೊಟ್ಟದ್ದು ಇಷ್ಟು. ನಾನು ಕೇಳಿದ್ದೂ ಇಷ್ಟೇ.

ಮನೆಗೊಬ್ಬರು ಕೆಳಗೆ ದುಡಿಯಬೇಕು ಎಂಬುದು ಊರಿನ ಕಟ್ಟಳೆ. ಮೂರು ಸಲ ಬೀಜ ಇಟ್ಟರೂ ಜೊತೆ ಸಿಗದವರು ಒಮ್ಮೆ ಮರಳಿನ ಮೇಲೆ ಇಳಿದು ಅಲ್ಲೇ ಗೂಡಿನ ಪಕ್ಕದ ಗುಡಿಸಲಲ್ಲಿ ಉಳಿಯಬೇಕು. ಒಂದು ವರ್ಷ ಕೆಳಗೆ ಕಳೆದರೆ ತೂಕ ಬದಲಾಗುವುದು ನಿಂತು, ಕಲ್ಲಿನ ಮೇಲೆ ಕಲ್ಲು ಕೂಡುತ್ತ ಹೋಗುತ್ತದೆ, ಆಮೇಲೆ ಹಗ್ಗಕ್ಕೆ ಬರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಕಾಲದಲ್ಲಿ ಇಪ್ಪತ್ಮೂರು ಜನ ಹಾಗೆ ಇಳಿದರು. ಇಪ್ಪತ್ತನಾಲ್ಕನೆಯವಳು ಫಕೀರವ್ವ.

ಅವಳ ಗಂಡ ಹಗ್ಗ ಹೊಸೆಯುವವನು, ಏಳು ದಿನದ ಜ್ವರದಲ್ಲಿ ಹೋದ. ಹಗ್ಗ ಹೊಸೆಯುವ ಮನೆಗೂ ತೂಗುವ ಮನೆಗೂ ಆ ಕಟ್ಟಳೆ ಇಲ್ಲ, ಹಾಗಾಗಿ ಅವನಿರುವವರೆಗೆ ಅವಳಿಗೆ ಕೆಳಗಿನ ಚಿಂತೆ ಇರಲಿಲ್ಲ. ಹೋದ ಮೇಲೆ ಮನೆಯಲ್ಲಿ ಉಳಿದವಳು ಅವಳು, ಮತ್ತು ಏಳು ವರ್ಷದ ಮಗಳು ಕಾಶಿ. ಹನ್ನೆರಡು ತುಂಬದ ಮಕ್ಕಳನ್ನು ನಾವು ಕೆಳಗೆ ಇಳಿಸುವುದಿಲ್ಲ, ಸುಣ್ಣದ ಧೂಳು ಎಳೆಗಣ್ಣನ್ನು ತಿನ್ನುತ್ತದೆ. ಹಾಗಾಗಿ ಫಕೀರವ್ವನಿಗೆ ಜೊತೆ ಸಿಕ್ಕರೆ ಅವಳು ದಿನಾ ಸಂಜೆ ಮಗಳ ಬಳಿ ಬರುತ್ತಾಳೆ, ಸಿಗದಿದ್ದರೆ ಮಗಳು ಮೇಲೆ, ತಾಯಿ ಕೆಳಗೆ.

ಮೊದಲನೆಯವನ ಜೊತೆ ಹನ್ನೆರಡು ಬೀಜ ಬಂತು. ಎರಡನೆಯವಳ ಜೊತೆ ಇಪ್ಪತ್ತೊಂದು. ಮೂರನೆಯ ಸಲ ರಾತ್ರಿಯ ಪಾಳಿಯ ಹುಲಿಗೆಪ್ಪನನ್ನು ಕೂರಿಸಿದೆ. ಅವನ ಹಳೆಯ ಜೊತೆಗಾರ ತೀರಿಕೊಂಡಿದ್ದ. ನಲವತ್ತರ ಆಸುಪಾಸಿನವನು, ಬಾಯಿ ಜೋರು, ಮನಸ್ಸು ಹತ್ತಿ. ಆ ನಲವತ್ತು ದಿನ ತಕ್ಕಡಿಕಟ್ಟೆಯಲ್ಲಿ ಇಬ್ಬರೂ ಏನೋ ಮಾತಾಡಿಕೊಂಡು ನಗುತ್ತಿದ್ದರು. ಕಾಶಿ ತಾಯಿಯ ತೊಡೆಗೆ ಅಂಟಿ ಕೂತು ಬಾಳೆಹಣ್ಣು ತಿನ್ನುತ್ತಿದ್ದಳು. ನಾನು ಕಲ್ಲು ಏರಿಸುತ್ತ ಇಳಿಸುತ್ತ ನನ್ನ ಪಾಡಿಗಿದ್ದೆ.

ನಲವತ್ತನೆಯ ದಿನ ದಾರದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಹುಲಿಗೆಪ್ಪ ಹಿಡಿದ. ಏರಿಸಿ ನೋಡಿದೆ, ಇಳಿಸಿ ನೋಡಿದೆ, ಮಲಗಿಸಿ ನೋಡಿದೆ. ಎಷ್ಟು ಮಾಡಿದರೂ ಹದಿನಾರರ ಮೇಲೆ ಬರಲಿಲ್ಲ.

"ಇಲ್ಲವ್ವಾ," ಎಂದೆ.

ಫಕೀರವ್ವ ಬೀಜಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದಳು.

"ಅಕ್ಕಾ, ಇಲ್ಲಿ ನೋಡು. ಇವು ಸುಮ್ನ ಚೆಲ್ಲಿದ್ದಲ್ಲ. ಈ ಕಡಿಂದ ಇಳದು, ನಡುವ ತಳ ಕಂಡು, ಆ ಕಡೆ ಏರ್ಯಾವ. ಬಟ್ಟಲಿದ್ದಂಗ ಐತಿ."

"ಬಟ್ಟಲದಾಗ ಗಂಜಿ ಕುಡೀತಾರ ಫಕೀರವ್ವಾ. ನನಗ ಬೇಕಾದ್ದು ದಾರ."

"ದಾರ ಯಾಕ ಬೇಕಕ್ಕಾ? ಹುಲಿಗೆಪ್ಪಣ್ಣ ಹಗುರಿದ್ರ ನಾ ಭಾರ. ನಡುವಿದ್ರ ನಾ ಹಗುರ. ಅವ ಭಾರ ಆದ್ರ ನಾ ಮತ್ತ ಭಾರ. ಅವನ್ನ ತೂಗಿದ್ರ ನನ್ನ ತೂಕ ಹೇಳಾಕ ಬರ್ತೈತಲ್ಲ?"

"ಅರ್ಧ ಇಳಿದಾರ, ಅರ್ಧ ಏರುದಾರ. ಎರಡೂ ಅಂದ್ರ ಒಂದೂ ಇಲ್ಲ ಅಂತ. ನಮ್ಮತ್ತಿ ಕಾಲದಿಂದ ಹಿಂಗ ಐತಿ."

"ನಿಮ್ಮತ್ತಿ ಬಟ್ಟಲ ನೋಡಿದ್ಲೇನು?"

"ನಾ ನೋಡೀನಿ, ಸಾಕು," ಎಂದೆ. ದನಿ ಸ್ವಲ್ಪ ಏರಿತ್ತು. ಕಟ್ಟೆಯ ಮೇಲೆ ಇಬ್ಬರು ಹಿರಿಯರು ಕೂತಿದ್ದರು, ನನ್ನನ್ನೇ ನೋಡುತ್ತಿದ್ದರು. ಗಂಡ ಸತ್ತವಳು, ಮಗಳಿದ್ದವಳು, ಮೂರನೆಯ ಸಲ ಸೋತವಳು ಏನು ಬೇಕಾದರೂ ಹೇಳುತ್ತಾಳೆ, ತೂಗುವವಳು ಮರುಳಾಗಬಾರದು ಎಂದು ಅವರ ಮುಖದಲ್ಲಿತ್ತು. ನಾನು ಪೊರಕೆ ತೆಗೆದುಕೊಂಡು ಬೀಜ ಗುಡಿಸಿಬಿಟ್ಟೆ. ತೀರ್ಪಾದ ಮೇಲೆ ಬೀಜ ನೆಲದ ಮೇಲೆ ಉಳಿಯಬಾರದು ಎಂಬುದು ಪದ್ಧತಿ.

ಕಾಶಿಯನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದಾಗ ನಾನೇ ಮುಂದೆ ಬಂದೆ. ನನಗೆ ಮಕ್ಕಳಿಲ್ಲ, ಗಂಡ ಹೋಗಿ ಹತ್ತು ವರ್ಷವಾಗಿತ್ತು, ಮನೆ ದೊಡ್ಡದಿತ್ತು. ಪುಣ್ಯದ ಕೆಲಸ ಎಂದು ಜನ ಹೊಗಳಿದರು. ಫಕೀರವ್ವ ಬುಟ್ಟಿ ಹತ್ತುವ ಮೊದಲು ನನ್ನ ಕೈ ಹಿಡಿದು, "ರಾತ್ರಿ ಕಾಲು ಉಜ್ಜತಾಳಕ್ಕಾ, ಹೊದಿಕಿ ಸರದು ಬಿಡ್ತೈತಿ. ಒಮ್ಮೆ ಎದ್ದು ಹೊದಿಸು," ಎಂದಳು. ಅಂದು ಅವಳು ಏಳು ಕಲ್ಲು ಇದ್ದಳು. ಏಳು ಚೀಲ ಮರಳು ಮೇಲೆ ಬಂತು, ಅವಳು ಕೆಳಗೆ ಹೋದಳು. ಶ್ರಾವಣದ ಮೊದಲ ವಾರ.

ಮೇಲಿನಿಂದ ನೋಡಿದರೆ ಬುಡದಲ್ಲಿ ಬಿಳಿ ಧೂಳು ಬಿಟ್ಟು ಏನೂ ಕಾಣುವುದಿಲ್ಲ. ಬೆಳಿಗ್ಗೆ ಫಕೀರವ್ವ ಮಗಳಿಗೆ ಕೇಳಲೆಂದು ಕೆಳಗಿನಿಂದ ತಾಟನ್ನು ಮೂರು ಸಲ ಬಡಿಯುತ್ತಿದ್ದಳು. ಕಾಶಿ ಬಂಡೆಯಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೇಳುತ್ತಿದ್ದಳು, ಆಮೇಲೆ ಎದ್ದು ಬಂದು ರೊಟ್ಟಿ ತಿನ್ನುತ್ತಿದ್ದಳು. ನನ್ನನ್ನು ದೊಡ್ಡವ್ವ ಎಂದು ಕರೆಯತೊಡಗಿದಳು. ನಾನು ಅವಳಿಗೆ ಜಡೆ ಹಾಕುವುದು ಕಲಿತೆ. ನನ್ನ ಕೈಗೆ ಅದು ಹೊಸ ಕೆಲಸ, ಐವತ್ತೊಂದರ ವಯಸ್ಸಿನಲ್ಲಿ.

ಮಾರ್ಗಶಿರದ ಒಂದು ಸಂಜೆ ಹುಲಿಗೆಪ್ಪ ಸಾಲಿನಲ್ಲಿ ನಿಂತಿದ್ದ. ಅಷ್ಟರಲ್ಲಿ ಅವನಿಗೆ ಬೇರೆ ಜೊತೆ ಸಿಕ್ಕಿತ್ತು, ಮೂವತ್ತೊಂದು ಬೀಜದ ಏರುದಾರ. ತಕ್ಕಡಿಯ ಮೇಲೆ ಕೂರುತ್ತ, "ದ್ಯಾಮಕ್ಕಾ, ಈ ಹೊಸ ಜೊತಿ ನನಗ ಒಗ್ಗೂದಿಲ್ಲ ನೋಡು. ಮೊನ್ನೆ ನೆಲ ಮುಟ್ಟೂವಾಗ ಸೊಂಟ ಕಳಚಿ ಬಂದಂಗಾತು. ಫಕೀರವ್ವ ಆಗಿದ್ರ ಹಿಂಗ ಆಗ್ತಿದ್ದಿಲ್ಲ," ಎಂದ.

"ಆಕಿ ಜೋಡಿ ಹದಿನಾರ ಬೀಜ ನಿಂದು. ಸತ್ತ ಹೋಗ್ತಿದ್ದಿ."

"ಹದಿನಾರೋ ಹದಿನೇಳೋ ನಿನಗ ಗೊತ್ತು. ನನಗ ಗೊತ್ತಿದ್ದದ್ದು ಬಾಳೆಹಣ್ಣಿನ ಲೆಕ್ಕ," ಎಂದು ನಕ್ಕ. "ದಿನಾ ಪಣ ಕಟ್ಟತಿದ್ವಿ. ನನ್ನ ತೂಗಿದ ಕೂಡ್ಲೆ ಆಕಿ ತನ್ನ ತೂಕ ಹೇಳೂದು. ಬರೋಬ್ಬರಿ ಹೇಳಿದ್ರ ನಾ ಒಂದು ಬಾಳೆಹಣ್ಣು ಕೊಡೂದು, ತಪ್ಪಿದ್ರ ಆಕಿ ನನಗೊಂದು. ನಲವತ್ತ ದಿನದಾಗ ನಾ ತಿಂದದ್ದು ಎರಡ. ಉಳಿದದ್ದೆಲ್ಲ ಆ ಕೂಸಿನ ಹೊಟ್ಟಿಗೆ ಹೋತು."

ಸಾಲಿನವರು ನಕ್ಕರು. ಹುಲಿಗೆಪ್ಪ ಇಳಿದು ಹೋದ. ನಾನು ಉಳಿದವರನ್ನು ತೂಗಿದೆ, ಮರಳು ಹೇಳಿದೆ, ಮನೆಗೆ ಬಂದೆ. ತಲೆಯಲ್ಲಿ ಒಂದೇ ಲೆಕ್ಕ ನಿಂತಿತ್ತು. ನಲವತ್ತರಲ್ಲಿ ಎರಡು ಹೋದರೆ ಮೂವತ್ತೆಂಟು. ನನ್ನ ದಾರಕ್ಕೆ ಮೂವತ್ತೆಂಟು ಬೀಜ ಬಂದ ಜೋಡಿಯನ್ನು ನಾನು ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

ಮರುದಿನ ಕಾಶಿ ಆಡಲು ಹೋದಾಗ ಅಡಿಗೆಮನೆಯ ನೆಲಕ್ಕೆ ಗೆರೆ ಎಳೆದು ಬೀಜ ಇಟ್ಟೆ. ಅಕ್ಷರ ಬಾರದಿದ್ದರೂ ಒಮ್ಮೆ ಇಟ್ಟ ಬೀಜ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಹುಲಿಗೆಪ್ಪ ಆರು, ಫಕೀರವ್ವ ಹದಿಮೂರು. ಅವನು ಎಂಟು, ಅವಳು ಒಂಬತ್ತು. ಅವನು ಹತ್ತು, ಅವಳು ಏಳು. ಅವನು ಹನ್ನೆರಡು, ಅವಳು ಮತ್ತೆ ಒಂಬತ್ತು. ಅವನು ಹದಿನಾಲ್ಕು, ಅವಳು ಹದಿಮೂರು. ಇಟ್ಟು ಮುಗಿಸಿ ಎದ್ದು ನಿಂತು ನೋಡಿದೆ. ಕುಂಬಾರನ ಮನೆಯ ಬಟ್ಟಲೂ ಅಷ್ಟು ನೇರ್ಪಾಗಿರುವುದಿಲ್ಲ. ನನ್ನ ದಾರ ನೆಟ್ಟಗಿನದನ್ನು ಮಾತ್ರ ಕಾಣುತ್ತಿತ್ತು. ಇಳಿದ ಅರ್ಧವನ್ನು ಏರಿದ ಅರ್ಧದಲ್ಲಿ ಕಳೆದು, ಏನೂ ಉಳಿಯಲಿಲ್ಲ ಎಂದು ಹೇಳುತ್ತಿತ್ತು. ಇಬ್ಬರ ನಡುವೆ ಏನೂ ಇಲ್ಲದೆ ಹೋಗುವುದು ಬೇರೆ, ಇದ್ದದ್ದು ಬಾಗಿರುವುದು ಬೇರೆ. ಇದನ್ನು ಫಕೀರವ್ವ ನನ್ನ ಮುಂದೆ ಕೂತು ಬೆರಳಿಟ್ಟು ತೋರಿಸಿದ್ದಳು.

ಆವತ್ತೇ ಹಿರಿಯರ ಬಳಿ ಹೋಗಬೇಕಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದಕ್ಕೆ ಆಗ ನನ್ನಲ್ಲಿ ಒಳ್ಳೊಳ್ಳೆ ಕಾರಣಗಳಿದ್ದವು. ಒಂದು ಜೋಡಿಗೆ ತಪ್ಪಿದೆ ಎಂದರೆ ಉಳಿದ ಇಪ್ಪತ್ಮೂರು ಜನರ ಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಜನರಿಗೆ ದಾರದ ಮೇಲಿನ ನಂಬಿಕೆ ಹೋದರೆ ನಾಳೆ ಬುಟ್ಟಿಯಲ್ಲಿ ಕಾಲಿಡುವವರು ಯಾರು? ಸುಗ್ಗಿ ಮುಗಿಯಲಿ, ಗೂಡಿನ ಕೆಲಸ ಕಡಿಮೆಯಾಗಲಿ, ಆಮೇಲೆ ನಿಧಾನಕ್ಕೆ ಹೇಳಿದರಾಯಿತು. ವರ್ಷ ತುಂಬಲು ಇನ್ನೂ ಎಂಟು ತಿಂಗಳಿದೆ. ಹೀಗೆ ಒಂದೊಂದು ಕಾರಣವನ್ನೂ ತೂಗಿ ಇಟ್ಟುಕೊಂಡೆ.

ನಿಜವಾದ ಕಾರಣ ಚಾಪೆಯ ಮೇಲೆ ಮಲಗಿರುತ್ತಿತ್ತು, ಕಾಲು ಉಜ್ಜಿ ಹೊದಿಕೆ ಸರಿಸಿಕೊಂಡು. ನಾನು ಎದ್ದು ಹೊದಿಸುತ್ತಿದ್ದೆ. ನಿದ್ದೆಯಲ್ಲಿ ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು. ಇನ್ನೊಂದು ವಾರ, ಇನ್ನೊಂದು ಅಮಾವಾಸ್ಯೆ, ಯುಗಾದಿಗೆ ಅವಳಿಗೊಂದು ಲಂಗ ಹೊಲಿಸಿಯಾದ ಮೇಲೆ. ಹೊಲಿಸಿದೆ, ಹಸಿರು ಬಣ್ಣದ್ದು. ಆಮೇಲೂ ಸುಮ್ಮನಿದ್ದೆ.

ಆಷಾಢ ಅರ್ಧ ಕಳೆದಾಗ ವರ್ಷ ತುಂಬಲು ಹತ್ತೊಂಬತ್ತು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಕಾಶಿ ಬಂಡೆಯಂಚಿನಿಂದ ಬೇಗ ಎದ್ದು ಬಂದಳು.

"ಯಾಕವ್ವಾ, ತಾಟು ಕೇಳ್ಲಿಲ್ಲೇನು?"

"ಕೇಳ್ತು. ಒಂದ ಸಲ ಬಡದ್ಲು. ಅವ್ವಗ ಕೈ ಎತ್ತಾಕ ಆಗೂದಿಲ್ಲೇನೋ ದೊಡ್ಡವ್ವಾ," ಎಂದು ರೊಟ್ಟಿ ಮುರಿಯುತ್ತ ಕೂತಳು, ತಿನ್ನಲಿಲ್ಲ.

ಅಂದೇ ಹಿರಿಯರ ಮುಂದೆ ನೆಲಕ್ಕೆ ಗೆರೆ ಎಳೆದು ಬೀಜ ಇಟ್ಟು ತೋರಿಸಿದೆ. ಹಿರಿಯರಲ್ಲಿ ದೊಡ್ಡವನಾದ ಸಂಗನಬಸಪ್ಪ ಬಹಳ ಹೊತ್ತು ನೋಡಿ, "ಹೌದಲ್ಲ. ಇದು ನಿನಗ ಈಗ ಹೊಳೀತೇನು?" ಎಂದ. "ಹೂಂ," ಎಂದೆ. ಮೊದಲ ಸುಳ್ಳು ಸುಲಭವಾಗಿ ಬಂತು.

ಮರುದಿನ ಬೆಳಿಗ್ಗೆ ನಾನು ಮರಳಿನ ಮೇಲೆ ಕೆಳಗಿಳಿದೆ. ಮಧ್ಯಾಹ್ನದ ಗಂಟೆಯೊಳಗೆ ಮೇಲೆ ಬಂದರೆ ತೂಕ ಬದಲಾಗುವುದಿಲ್ಲ, ಅದೇ ಮರಳಿನಲ್ಲಿ ಹತ್ತಬಹುದು. ಫಕೀರವ್ವ ಗೂಡಿನ ಬಾಯಿಯಿಂದ ಎದ್ದು ಬಂದಳು. ಕೂದಲು, ಹುಬ್ಬು, ಕೈ ಎಲ್ಲ ಬಿಳಿ. ಕಣ್ಣು ಮಾತ್ರ ಕೆಂಪು. ನನ್ನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಕಾಶಿಗೇನಾತಕ್ಕಾ?"

"ಏನೂ ಆಗಿಲ್ಲ. ಸಂಜಿಗೆ ನಿನ್ನ ಮ್ಯಾಲ ಎತ್ತತೀವಿ. ಹುಲಿಗೆಪ್ಪನ ಜೋಡಿ. ನಿನ್ನ ಬಟ್ಟಲ ಖರೇ ಇತ್ತವ್ವಾ."

ಅವಳು ನೆಲಕ್ಕೆ ಕೂತು ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಸೆರಗಿನೊಳಗಿಂದ ನಗು ಕೇಳಿಸಿತು. "ನಾ ಅವತ್ತ ಹೇಳಿದ್ನಲ್ಲ!"

"ಹೇಳಿದ್ದಿ."

"ಯಾವಾಗ ತಿಳೀತು ನಿನಗ?"

ಅವಳ ಬೆರಳುಗಳು ಸುಣ್ಣಕ್ಕೆ ಬಿರಿದಿದ್ದವು. ಅದನ್ನು ನೋಡುತ್ತ, "ಮೊನ್ನೆ," ಎಂದೆ.

"ಮೊನ್ನೆ ತಿಳದು ಇವತ್ತ ಓಡಿ ಬಂದಿ. ನಿನ್ನ ಹೊಟ್ಟಿ ತಣ್ಣಗಿರ್ಲಕ್ಕಾ," ಎಂದು ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ನಾಚಿಕೆಗೆ ಎಂದುಕೊಂಡಳೋ ಏನೋ.

ಸಂಜೆ ಊರೇ ರಾಟೆಯ ಬಳಿ ಸೇರಿತ್ತು. ಕಾಶಿ ಹಸಿರು ಲಂಗ ಹಾಕಿಕೊಂಡು, ಜಡೆಗೆ ಅಬ್ಬಲಿಗೆ ಮುಡಿದು ಮುಂದೆ ನಿಂತಿದ್ದಳು. ಹುಲಿಗೆಪ್ಪನನ್ನು ತೂಗಿದೆ, ಹತ್ತು ಕಲ್ಲು. ಬಟ್ಟಲಿನ ತಳ. ಅಂದರೆ ಫಕೀರವ್ವ ಏಳು. ಕೆಳಗಿನ ಬುಟ್ಟಿಗೆ ಎರಡು ಚೀಲ ಹಾಕಿರೆಂದು ಎರಡು ಬಾವುಟ ತೋರಿಸಿದೆ. ಒಂದು ಕಲ್ಲಿನಷ್ಟು ಹುಲಿಗೆಪ್ಪ ಭಾರ ಉಳಿದರೆ ಮೆಲ್ಲಗೆ ಇಳಿಯುತ್ತಾನೆ. ಕೊಕ್ಕೆ ಬಿಟ್ಟೆವು.

ಬುಟ್ಟಿ ಅಲುಗಲಿಲ್ಲ.

"ಕೆಳಗ ಹಗ್ಗ ಸಿಕ್ಕೊಂಡಿರಬೇಕು," ಎಂದರು ಯಾರೋ. ಕೆಳಗಿನಿಂದ ಇಲ್ಲ ಎಂದು ಕೂಗಿದರು. ಕೆಳಗಿನ ಎರಡು ಚೀಲ ತೆಗೆಸಿದೆ. ಅಲುಗಲಿಲ್ಲ. ಕೊಕ್ಕೆ ಬಿಟ್ಟ ಮೇಲೆ ಜನ ಕೂತ ಬುಟ್ಟಿಗೆ ಮರಳು ಹಾಕಬಾರದು ಎಂಬುದು ಕಟ್ಟಳೆ, ಹಿಂದೆ ಹಾಗೆ ಹಾಕಿ ಮೂವರು ಸತ್ತಿದ್ದಾರೆ. ಅಂದು ನಾನೇ ಚೀಲ ಎತ್ತಿ ಹುಲಿಗೆಪ್ಪನ ಕಾಲಬುಡಕ್ಕೆ ಇಟ್ಟೆ. ಹನ್ನೊಂದಾಯಿತು, ಹನ್ನೆರಡಾಯಿತು. ಹುಲಿಗೆಪ್ಪ ಮುಖ ಬಿಳಿಚಿಕೊಂಡು, "ಹಾಕಕ್ಕಾ, ಹಾಕು, ನನ್ನ ಚಿಂತಿ ಬಿಡು," ಎನ್ನುತ್ತಿದ್ದ. ಹದಿನಾಲ್ಕು. ಹದಿನೈದು. ಹದಿನಾರಕ್ಕೆ ರಾಟೆಯ ತೊಲೆ ಕರ್ ಎಂದಿತು. ಅದರ ಮೇಲೆ ಹಗ್ಗ ತಾಳುವುದಿಲ್ಲ. ಸಂಗನಬಸಪ್ಪ ಬಂದು ನನ್ನ ಕೈಯಿಂದ ಚೀಲ ಕಿತ್ತುಕೊಂಡ.

ಕೆಳಗಿನಿಂದ ಫಕೀರವ್ವನ ದನಿ ಬಂತು. ಬಂಡೆಗೆ ತಾಗಿ ಮುರಿದು ಬಂದರೂ ತಿಳಿಯುವಂತಿತ್ತು. "ಬಿಡಕ್ಕಾ! ಅಣ್ಣನ ಜೀವ ಹೋದೀತು! ನಾ ಇಳೀತೀನಿ!"

ವರ್ಷ ಎಂದು ಹೇಳಿದವರು ಹಿರಿಯರು. ಅವರಿಗೆ ಅವರ ಹಿರಿಯರು ಹೇಳಿದ್ದರು. ಕೆಳಗೆ ಉಳಿದವರ ತೂಕ ಯಾವ ತಿಂಗಳಿಗೆ ಎಷ್ಟು ಕೂಡುತ್ತದೆ ಎಂದು ಒಬ್ಬರೂ ನೋಡಿರಲಿಲ್ಲ. ದಿನಾ ಎಲ್ಲರಿಗೂ ಮಾಡಲಾಗದಷ್ಟು ನಿಧಾನದ ಕೆಲಸವಾದರೂ, ತಿಂಗಳಿಗೊಮ್ಮೆ ಒಬ್ಬರನ್ನು ಬುಟ್ಟಿಯಲ್ಲಿ ಕೂರಿಸಿ ಮೇಲಿನ ಖಾಲಿ ಬುಟ್ಟಿಗೆ ಒಂದೊಂದೇ ಚೀಲ ಇಟ್ಟು ನೋಡಿದ್ದರೆ ತಿಳಿಯುತ್ತಿತ್ತು. ಊರಿನಲ್ಲಿ ಅಳೆಯುವ ಕೆಲಸ ನನ್ನದು, ಮತ್ತು ನಾನು ಅಳೆಯದ ಮಾತೊಂದನ್ನು ನಂಬಿಕೊಂಡು ದಿನ ಎಣಿಸಿದ್ದೆ. ಮಾರ್ಗಶಿರದಲ್ಲಿ ಎತ್ತಿದ್ದರೆ ಬರುತ್ತಿದ್ದಳೇ? ನಾಲ್ಕು ತಿಂಗಳಿನವರು ಹಗ್ಗಕ್ಕೆ ಬರುತ್ತಾರೆ ಎಂದು ಈಗ ನಮಗೆ ಗೊತ್ತು. ಆರು ತಿಂಗಳಾದವರು ಬರುವುದಿಲ್ಲ. ಅದನ್ನು ಆಮೇಲೆ ನಾನೇ ಅಳೆದೆ.

ಕಾಶಿ ಅಂದು ಅಳಲಿಲ್ಲ. ಮನೆಗೆ ಬಂದು ಅಬ್ಬಲಿಗೆ ತೆಗೆದು ನೀರಿನ ಬಟ್ಟಲಲ್ಲಿ ಹಾಕಿ ಮಲಗಿದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ಊರಿಗೆ ಬಟ್ಟಲಿನ ಲೆಕ್ಕ ಹೇಳಿಕೊಟ್ಟೆ. ಈಗ ದಾರ ಹಿಡಿಯುವ ಮೊದಲು ನಾಲ್ಕು ಜನ ನೆಲದ ಸುತ್ತ ನಿಂತು ಬೀಜ ಹೇಗೆ ಬಿದ್ದಿವೆ ಎಂದು ಕಣ್ಣಿಟ್ಟು ನೋಡಬೇಕು, ಬೀಜ ಇಡಿಸಿಕೊಂಡವರೂ ಮಾತಾಡಬಹುದು. ಹಳೆಯ ಮನೆಗಳಿಂದ ಜನ ಬಂದರು. ಒಬ್ಬ ಮುದುಕಿ, "ನನ್ನ ಮಗಂದು ಹೆಂಗ ಬಿದ್ದಿದ್ವು ದ್ಯಾಮವ್ವಾ? ನೆನಪೈತೇನು?" ಎಂದು ಕೇಳಿದಳು. ನೆನಪಿತ್ತು. ಅವನದು ಸುಮ್ಮನೆ ಚೆಲ್ಲಿದ್ದು, ಹಾಗೆಂದೇ ಹೇಳಿದೆ. ಇನ್ನೊಬ್ಬಳು ಬಂದು ತಂಗಿಯದನ್ನು ಕೇಳಿದಳು. ಅವಳ ತಂಗಿಯದು ಬಟ್ಟಲು ಬೋರಲು ಹಾಕಿದ ಹಾಗಿತ್ತು, ಅದೂ ಜೊತೆಯೇ. ಅದನ್ನೂ ಹೇಳಿದೆ. ಆಕೆ ಉಗುಳಿ ಹೋದಳು.

ಕಾಶಿಗೆ ಹನ್ನೆರಡು ತುಂಬಿದ ದಿನ ಕೆಳಗೆ ಹೋಗಿ ತಾಯಿಯನ್ನು ನೋಡಿ ಬರುತ್ತೇನೆ ಎಂದಳು. ನಾಲ್ಕು ದಿನ ಇದ್ದು ಬರುತ್ತೇನೆ, ಬರುವಾಗ ನಾನು ಅಳೆದ ಹಾಗೆ ಒಂದೊಂದೇ ಚೀಲ ಇಟ್ಟು ಎತ್ತಿದರಾಯಿತು ಎಂದು ಎಲ್ಲ ಯೋಚಿಸಿಟ್ಟಿದ್ದಳು. ನಾನು ಕೊಬ್ಬರಿ ಎಣ್ಣೆ ತಂದು ಅವಳನ್ನು ಕೂರಿಸಿಕೊಂಡು ತಲೆಗೆ ಹಚ್ಚಿದೆ. ಮುಖ ಕಾಣದಿದ್ದರೆ ಹೇಳಬಹುದು ಎನಿಸಿತು.

"ನಿಮ್ಮವ್ವನ ಬಟ್ಟಲ ನನಗ ಆಷಾಢದಾಗ ತಿಳದಿದ್ದಲ್ಲ ಕಾಶೀ. ಅದಕ್ಕೂ ಮುಂಚೇನ ತಿಳದಿತ್ತು."

ಅವಳ ಕತ್ತು ನನ್ನ ಕೈಯೊಳಗೆ ಗಟ್ಟಿಯಾಯಿತು. "ಎಷ್ಟು ಮುಂಚೆ?"

"ಏಳು ತಿಂಗಳು."

"ಏಳು ತಿಂಗಳು ಸುಮ್ನ ಯಾಕಿದ್ದಿ?"

"ನೀ ನನ್ನ ಮನ್ಯಾಗ ಇದ್ದ್ಯಲ್ಲ," ಎಂದೆ. ಬೇರೆ ಕಾರಣ ಒಂದೂ ಬಾಯಿಗೆ ಬರಲಿಲ್ಲ.

ಅವಳು ಎದ್ದು ನಿಂತಳು. ಅರ್ಧ ತಲೆಗೆ ಎಣ್ಣೆ ಹಚ್ಚಿತ್ತು. "ನಾಳೆ ನನ್ನ ತೂಗು," ಎಂದಳು, ಅಷ್ಟೇ. ಬೆಳಿಗ್ಗೆ ಹನ್ನೊಂದು ಕಲ್ಲು ಬಂದಳು. ಹನ್ನೊಂದು ಚೀಲಕ್ಕೆ ನಾನೇ ದುಡ್ಡು ಕೊಟ್ಟೆ. ಬುಟ್ಟಿಯಲ್ಲಿ ಕೂತು ಹಗ್ಗ ಹಿಡಿದುಕೊಂಡು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಮರಳಿ ಬರುವ ಯೋಚನೆಯಿದೆ ಎಂದು ತಿಳಿಯುತ್ತಿದ್ದೆ.

ನಾಲ್ಕು ದಿನವಾಯಿತು, ಬರಲಿಲ್ಲ. ತಿಂಗಳಾಯಿತು. ಹುಲಿಗೆಪ್ಪನ ಕೈಯಲ್ಲಿ ಎರಡು ಸಲ ಮಾತು ಕಳಿಸಿದೆ, ನಾಲ್ಕು ತಿಂಗಳ ಒಳಗೆ ಬಂದುಬಿಡು, ನಿನಗೆ ಜೊತೆ ನಾನು ಹುಡುಕುತ್ತೇನೆ ಎಂದು. ಎರಡನೆಯ ಸಲ ಅವನು ಬಂದು ತಕ್ಕಡಿಯ ಪಕ್ಕ ಕೂತ.

"ತಾಯಿ ಮಗಳು ಇಬ್ರೂ ಒಂದ ಗುಡಿಸಲದಾಗ ಅದಾರ. ಕೂಸು ಗೂಡಿಗೆ ಕಟಗಿ ಒಟ್ಟತೈತಿ. ನೀ ಹೇಳಿದ್ದು ಹೇಳಿದೆ."

"ಫಕೀರವ್ವಗ ಕಾಶಿ ಎಲ್ಲಾ ಹೇಳ್ಯಾಳೇನು?"

"ಹೇಳ್ಯಾಳ."

"ಆಕಿ ಏನಂದ್ಲು?"

ಹುಲಿಗೆಪ್ಪ ಎಂದೂ ಮಾತಿಗೆ ತಡವರಿಸಿದವನಲ್ಲ. ಅಂದು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. "ರಾತ್ರಿ ಎದ್ದು ಹೊದಿಸತಿದ್ಲಂತ, ಅಷ್ಟ ಸಾಕು ಅಂದ್ಲು. ಆಮ್ಯಾಲ, ಇನ್ನ ಮಾತು ತರಬ್ಯಾಡ ಹುಲಿಗೆಪ್ಪಣ್ಣ ಅಂದ್ಲು. ನಾ ಇನ್ನ ತರೂದಿಲ್ಲಕ್ಕಾ."

ನಾಲ್ಕು ತಿಂಗಳು ಕಳೆದು, ಆರು ಕಳೆದು, ಈಗ ಮೂರು ವರ್ಷವಾಗಿದೆ. ತೂಗುವ ಕೆಲಸವನ್ನು ನನ್ನ ಓರಗಿತ್ತಿಯ ಮಗಳಿಗೆ ಕಲಿಸುತ್ತಿದ್ದೇನೆ. ಅವಳು ಬಹಳ ಪ್ರಶ್ನೆ ಕೇಳುತ್ತಾಳೆ, ಕೇಳಲಿ ಎಂದು ಬಿಟ್ಟಿದ್ದೇನೆ. ಬಟ್ಟಲು ನೋಡಲು ತೊಡಗಿದ ಮೇಲೆ ಹನ್ನೊಂದು ಜೋಡಿ ಹೊಸದಾಗಿ ಸಿಕ್ಕಿವೆ. ದಾರ ಒಂದನ್ನೇ ನಂಬಿದ್ದರೆ ಅವರಲ್ಲಿ ಕೆಲವರಾದರೂ ಇಂದು ಕೆಳಗಿರುತ್ತಿದ್ದರು. ಅವರೆಲ್ಲ ದಿನಾ ಮನೆಗೆ ಬಂದು ಉಣ್ಣುತ್ತಾರೆ. ಹಿಂದಿನ ಇಪ್ಪತ್ಮೂರು ಜನರಲ್ಲಿ ನಾಲ್ವರದು ಬಟ್ಟಲೇ ಆಗಿತ್ತು, ತಿಳಿಯದೆ ಕಳೆದೆ. ಫಕೀರವ್ವನನ್ನು ತಿಳಿದೂ ಕಳೆದೆ. ಐದು ವರ್ಷ ಒಂದು ಮಗು ನನ್ನ ಮನೆಯಲ್ಲಿ ಬೆಳೆಯಿತು, ಆ ಐದು ವರ್ಷ ಅದರ ತಾಯಿಯದು. ಈಗ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.